ತಿಲಿಸ್ಮಿಗೆ ಕೀಲಿ ಇದೆ, ಗೈಬ್‌ಗೆ ಇಲ್ಲ

ಮೊದಲು ಒಂದು ಸಣ್ಣ ಮಾತು. ಪುಣೆಯ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯ ಹುಡುಗಿ ಹನ್ನೆರಡನೇ ಕ್ಲಾಸು ಓದುತ್ತಾಳೆ. ಅವರದೂ ವಿಜಯಪುರದ ಕಡೆಯ ಮನೆತನ. ಮನೆಯಲ್ಲಿ ದಖನಿ, ಅಜ್ಜಿಯ ಜೊತೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಮರಾಠಿ. ಓದುವ ಹುಚ್ಚು ಇರುವ ಹುಡುಗಿ ಅಂತ ನಾನು ಆಗಾಗ ಪುಸ್ತಕ ಕೊಡ್ತಿರ್ತೀನಿ. ಹೋದ ತಿಂಗಳು ಕೊಟ್ಟ ಒಂದು ಕಾದಂಬರಿಯನ್ನು ಅವಳು ಮೂರೇ ದಿನಕ್ಕೆ ಪೇಪರಿನಲ್ಲಿ ಸುತ್ತಿಕೊಂಡು ವಾಪಸ್ ತಂದಳು. "ಓದಿ ಮುಗೀತಾ?" ಅಂದೆ. "ಅರ್ಧ ಆಗಿದೆ ಖಾಲಾ. ಅಬ್ಬಾ ನೋಡಿಬಿಟ್ಟರು. ಜಿನ್‌ಗಳ ಪುಸ್ತಕ ಮನೆಯೊಳಗೆ ಬೇಡ ಅಂದ್ರು. ಭಾಯಿಜಾನ್ ನಕ್ಕುಬಿಟ್ಟ. ಕಂಪ್ಯೂಟರ್ ಓದೋಳು ಇನ್ನೂ ಜಿನ್ ನಂಬ್ತೀಯಾ ಅಂದ. ಇಬ್ರಲ್ಲಿ ಯಾರು ಸರಿ ಖಾಲಾ?"

ಆ ಹೊತ್ತಿಗೆ ಏನೋ ಒಂದು ಹೇಳಿ ಕಳಿಸಿದೆ. ಆದರೆ ಪ್ರಶ್ನೆ ಹೋಗಲಿಲ್ಲ. ತಂದೆಗೆ ಭಯ, ಅಣ್ಣನಿಗೆ ನಗು, ನಡುವೆ ಅರ್ಧ ಓದಿದ ಪುಸ್ತಕ ಹಿಡಿದ ಹುಡುಗಿ. ನಿಮ್ಮ ಮನೆಯಲ್ಲೂ ಈ ಮೂವರು ಇದ್ದಾರೆ ಅಂತ ನನಗೆ ಗೊತ್ತು. ಅದಕ್ಕೇ ಈ ಬರಹ.

ಆ ಪುಸ್ತಕದ ಹೆಸರು 'ಅಲಿಫ್ ದಿ ಅನ್‌ಸೀನ್'. ಬರೆದವರು ಜಿ. ವಿಲ್ಲೋ ವಿಲ್ಸನ್. ಅಮೆರಿಕದ ಲೇಖಕಿ, ತರುಣ ವಯಸ್ಸಿನಲ್ಲಿ ಇಸ್ಲಾಂ ಸ್ವೀಕರಿಸಿ ಕೆಲವು ವರ್ಷ ಕೈರೋದಲ್ಲಿ ಬಾಳಿದವರು. ಕಾದಂಬರಿ ಬಂದದ್ದು 2012ರಲ್ಲಿ; 2013ರಲ್ಲಿ ಅದಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಸಿಕ್ಕಿತು. ಮುಂದೆ 2014ರಿಂದ ಇವರೇ ಬರೆದ 'ಮಿಸ್ ಮಾರ್ವೆಲ್' ಕಾಮಿಕ್ಸಿನ ಕಮಲಾ ಖಾನ್ ಎಂಬ ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿಯನ್ನು ನಿಮ್ಮ ಮಕ್ಕಳು ಖಂಡಿತ ಬಲ್ಲರು. 'ಅಲಿಫ್' ದೊಡ್ಡವರಿಗೆಂದೇ ಅಚ್ಚಾದ ಕಾದಂಬರಿಯಾದರೂ ಅದನ್ನು ಹೆಚ್ಚು ಪ್ರೀತಿಯಿಂದ ಓದುವವರು ಹದಿನಾರು-ಇಪ್ಪತ್ತರ ಹುಡುಗ ಹುಡುಗಿಯರೇ. ಕಂಪ್ಯೂಟರೂ ಜಿನ್ನೂ ಒಂದೇ ಗಲ್ಲಿಯಲ್ಲಿ ಸಿಗುವ ಕಥೆ ಅದು.

ಮಾಯೆ ಮತ್ತು ಯಂತ್ರ ಎರಡನ್ನೂ ಬೆರೆಸುವ ಕಥೆಗಳು ಹೊಸದಲ್ಲ. ಇಂಗ್ಲಿಷಿನ ತರುಣ ಓದುಗರಿಗಂತೂ ಇದು ನಿತ್ಯದ ಊಟ. ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರ ಒಂದು ಮಾತು ಬಹಳ ಪ್ರಸಿದ್ಧ: ಯಂತ್ರವಿದ್ಯೆ ಸಾಕಷ್ಟು ಮುಂದುವರಿದರೆ ಅದಕ್ಕೂ ಮಾಯೆಗೂ ವ್ಯತ್ಯಾಸ ಹೇಳಲಾಗದು ಎಂಬ ಅರ್ಥದ್ದು. ಈ ಬಗೆಯ ಹೆಚ್ಚಿನ ಕಥೆಗಳು ಈ ಒಂದು ಮಾತಿನ ಮೇಲೆಯೇ ನಿಂತಿವೆ. ಎರಡೂ ಒಂದೇ, ಹೆಸರು ಮಾತ್ರ ಬೇರೆ ಎನ್ನುತ್ತವೆ. ವಿಲ್ಸನ್ ಅವರ ಪುಸ್ತಕ ಇದನ್ನು ಒಪ್ಪುವುದಿಲ್ಲ. ನನಗೆ ಅದು ಮುಖ್ಯವಾಗಿ ಕಂಡದ್ದು ಅಲ್ಲಿಯೇ.

ಕಥೆ ಚುಟುಕಾಗಿ ಹೇಳ್ತೀನಿ, ಕೊನೆ ಹೇಳುವುದಿಲ್ಲ. ಕೊಲ್ಲಿಯ ಹೆಸರಿಲ್ಲದ ಒಂದು ನಗರ. ಅಲ್ಲಿಯ ಬಖರಾ ಎಂಬ ಬಡಾವಣೆಯಲ್ಲಿ ಇಪ್ಪತ್ಮೂರು ವರ್ಷದ ಹುಡುಗ. ತಂದೆ ಅರಬ, ತಾಯಿ ಭಾರತದವಳು. ತಂದೆಗೆ ಬೇರೆ ಅರಬ ಸಂಸಾರವೂ ಇದೆ, ಇಲ್ಲಿ ಬರುವುದು ಅಪರೂಪ. ಹುಡುಗನ ಕೆಲಸ ಕಂಪ್ಯೂಟರ್ ಮುಂದೆ. ಸರ್ಕಾರದ ಕಣ್ಣಿನಿಂದ ಅಡಗಬೇಕಾದವರಿಗೆ, ಅವರು ಎಡದವರೋ ಬಲದವರೋ ಧರ್ಮದವರೋ ಎಂದು ನೋಡದೆ, ಅಡಗುವ ದಾರಿ ಮಾಡಿಕೊಡುತ್ತಾನೆ. ಇಂಟರ್ನೆಟ್ಟಿನಲ್ಲಿ ಅವನ ಹೆಸರು ಬರೀ 'ಅಲಿಫ್'. ಇಂತಿಸಾರ್ ಎಂಬ ಶ್ರೀಮಂತರ ಮನೆಯ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳಿಗೆ ಬೇರೆ ಕಡೆ ನಿಕಾಹ್ ಗೊತ್ತಾಗುತ್ತದೆ. ಇನ್ನು ನಿನ್ನ ಹೆಸರು ನನ್ನ ಕಣ್ಣಿಗೆ ಬೀಳಬಾರದು ಅನ್ನುತ್ತಾಳೆ. ಇವನು ಅದನ್ನೇ ಹಟಕ್ಕೆ ತೆಗೆದುಕೊಂಡು ಒಂದು ಪ್ರೋಗ್ರಾಂ ಬರೆಯುತ್ತಾನೆ. ಅವಳು ಯಾವ ಕಂಪ್ಯೂಟರಿನಲ್ಲಿ ಯಾವ ಹೆಸರಿನಲ್ಲಿ ಕೂತು ಟೈಪ್ ಮಾಡಿದರೂ, ಬೆರಳಿನ ಓಟ, ಪದಗಳ ಅಭ್ಯಾಸ ನೋಡಿ ಇವಳೇ ಎಂದು ಗುರುತಿಸಿ, ಅವಳ ಕಣ್ಣಿಂದ ಅಲಿಫನನ್ನು ಅಳಿಸಿಬಿಡುವ ಪ್ರೋಗ್ರಾಂ. ಅದರ ಹೆಸರು 'ಟಿನ್ ಸಾರಿ'.

ಆ ಪ್ರೋಗ್ರಾಂ ಸರ್ಕಾರದ ಗುಪ್ತ ಅಧಿಕಾರಿಯೊಬ್ಬನ ಕೈಸೇರುತ್ತದೆ. ನಗರದ ಹುಡುಗರೆಲ್ಲ ಅವನನ್ನು ಹೆದರಿ 'ದಿ ಹ್ಯಾಂಡ್', ಅಂದರೆ 'ಕೈ' ಎಂದು ಕರೆಯುತ್ತಾರೆ. ಅದೇ ಹೊತ್ತಿಗೆ ಇಂತಿಸಾರ್ ಒಂದು ಹಳೆಯ ಹಸ್ತಪ್ರತಿ ಕಳಿಸುತ್ತಾಳೆ: 'ಅಲ್ಫ್ ಯೌಮ್', ಸಾವಿರದೊಂದು ದಿನಗಳು. ಮನುಷ್ಯರು ಹೇಳಿದ್ದು ಸಾವಿರದೊಂದು ರಾತ್ರಿಗಳಾದರೆ, ಇದು ಜಿನ್‌ಗಳು ಹೇಳಿದ ಕಥೆಗಳಂತೆ. 'ಸಾವಿರದೊಂದು ದಿನಗಳು' ಎಂಬ ಹೆಸರಿನ ಪುಸ್ತಕ ನಿಜವಾಗಿಯೂ ಇದೆ. 1710ರ ಸುಮಾರಿಗೆ ಫ್ರೆಂಚಿನ ಪೇತಿ ದ ಲಾ ಕ್ರುವಾ ಪ್ರಕಟಿಸಿದ್ದು. ಅದರ ಹಿಂದೊಂದು ಜಿನ್‌ಗಳ ಮೂಲಪ್ರತಿ ಇತ್ತು ಎಂಬುದು ವಿಲ್ಸನ್ ಅವರ ಕಲ್ಪನೆ. 'ಕೈ'ಗೆ ಆ ಪುಸ್ತಕ ಬೇಕು. ಯಾಕೆಂದರೆ ಅದರ ಕಥೆಗಳಲ್ಲಿ ಗುಪ್ತಲಿಪಿ ಇದೆ, ಅದನ್ನು ಬಿಡಿಸಿದರೆ ಹಿಂದೆಂದೂ ಇಲ್ಲದ ಕಂಪ್ಯೂಟರ್ ಕಟ್ಟಬಹುದು ಎಂದು ಅವನ ನಂಬಿಕೆ. ಅಲಿಫ್ ಓಡುತ್ತಾನೆ. ಜೊತೆಗೆ ಓಡುವವಳು ಪಕ್ಕದ ಮನೆಯ ದೀನಾ. ಅವರಿಗೆ ಸಹಾಯ ಮಾಡುವವನು ಒಬ್ಬ ಜಿನ್, ಹೆಸರು 'ವಿಕ್ರಮ್ ದಿ ವ್ಯಾಂಪೈರ್'.

ಇಲ್ಲಿ ಕನ್ನಡದ ಓದುಗ ಒಂದು ಗಳಿಗೆ ನಿಲ್ಲುತ್ತಾನೆ. ನಾವು 'ಚಂದಮಾಮ' ಓದಿ ಬೆಳೆದವರು. ವಿಕ್ರಮ ಅಂದರೆ ರಾಜ; ಹೆಗಲ ಮೇಲೆ ಕೂತು ಕಥೆ ಹೇಳುವವನು ಬೇತಾಳ. ಇಲ್ಲಿ ಹೆಸರು ರಾಜನದು, ಕೆಲಸ ಬೇತಾಳನದು. 1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ಒಯ್ದಾಗ ಪುಸ್ತಕಕ್ಕೆ 'ವಿಕ್ರಮ್ ಅಂಡ್ ದಿ ವ್ಯಾಂಪೈರ್' ಎಂದು ಹೆಸರಿಟ್ಟಿದ್ದ. ಆ ಜಾಡು ಹಿಡಿದು ನಮ್ಮ ಬೇತಾಳ ಅರಬ್ ನಗರಕ್ಕೆ ಜಿನ್ ಆಗಿ ಹೋಗಿದ್ದಾನೆ. ಅಲಿಫನ ಹಾಗೆ ಈ ಜಿನ್ನೂ ಅರ್ಧ ಹಿಂದುಸ್ತಾನಿ ಎಂದುಕೊಂಡರೆ ತಪ್ಪೇನಿಲ್ಲ.

ಈಗ ವಿಷಯಕ್ಕೆ ಬರೋಣ. ಕಾದಂಬರಿಯ ಶುರುವಿನಲ್ಲೇ ಒಂದು ಜಗಳ ಇದೆ. ಅಲಿಫ್ ದೀನಾಳಿಗೆ ಫಿಲಿಪ್ ಪುಲ್‌ಮನ್ ಅವರ 'ದಿ ಗೋಲ್ಡನ್ ಕಂಪಾಸ್' ಓದಲು ಕೊಟ್ಟಿರುತ್ತಾನೆ. ಅದೂ ಮಾಯೆ ಮತ್ತು ಯಂತ್ರ ಬೆರೆತ ಕಥೆಯೇ. ಅದರಲ್ಲಿ ಸತ್ಯ ಹೇಳುವ ಒಂದು ದಿಕ್ಸೂಚಿ ಯಂತ್ರವಿದೆ. ದೀನಾ ಪುಸ್ತಕ ವಾಪಸ್ ಕೊಡುತ್ತಾಳೆ. ಇದು ಒಳ್ಳೆಯದಲ್ಲ ಅನ್ನುತ್ತಾಳೆ. ಅಲಿಫ್ ನಗುತ್ತಾನೆ: ಅದೆಲ್ಲ ಬರೀ ರೂಪಕ ಕಣೇ ಅನ್ನುವ ಧಾಟಿಯಲ್ಲಿ. ದೀನಾ ಬಿಡುವುದಿಲ್ಲ. ಒಂದು ವಸ್ತುವನ್ನು ಅದರದಲ್ಲದ ಹೆಸರಿನಿಂದ ಕರೆದರೆ ಅದು ನಿರಪಾಯವಲ್ಲ, ಕರೆದ ಹಾಗೆ ಅದು ಬದಲಾಗುತ್ತದೆ ಎಂಬುದು ಅವಳ ವಾದ.

ನೋಡಿ, ನಮ್ಮ ಕೆಳಗಿನ ಮನೆಯ ಜಗಳವೇ ಇದು! ನಾನು ಮೊದಲ ಸಲ ಓದಿದಾಗ ದೀನಾ ಹಳೆಯ ಕಾಲದವಳು, ಕಥೆ ಮುಂದುವರಿದ ಹಾಗೆ ಅಲಿಫ್ ಅವಳಿಗೆ ಬುದ್ಧಿ ಕಲಿಸುತ್ತಾನೆ ಅಂದುಕೊಂಡಿದ್ದೆ. ಆಗುವುದು ಉಲ್ಟಾ. ಕಥೆ ಉದ್ದಕ್ಕೂ ದೀನಾ ಹೇಳಿದ್ದೇ ಸರಿಯಾಗುತ್ತ ಹೋಗುತ್ತದೆ. ಅವಳು ನಿಖಾಬ್ ಹಾಕುವ ಹುಡುಗಿ. ತಂದೆತಾಯಿ ಹಾಕಿಸಿದ್ದಲ್ಲ, ಅವರಿಗೆ ಬೇಡವಾಗಿತ್ತು, ಇವಳೇ ಚಿಕ್ಕ ವಯಸ್ಸಿನಲ್ಲಿ ಹಟ ಹಿಡಿದು ಹಾಕಿಕೊಂಡದ್ದು. ಎದುರಿಗೆ ಜಿನ್ ಬಂದು ನಿಂತಾಗ ಅಲಿಫ್ ಕಂಗಾಲಾಗುತ್ತಾನೆ. ದೀನಾಳಿಗೆ ಹೆದರಿಕೆ ಆಗುತ್ತದೆ, ಆಶ್ಚರ್ಯ ಆಗುವುದಿಲ್ಲ. ಜಿನ್ ಇದೆ ಎಂದು ಓದಿದ್ದಳು, ಇದೆ ಎಂದೇ ನಂಬಿದ್ದಳು. ಅಲಿಫನೂ ಓದಿದ್ದ; ಆದರೆ ರೂಪಕ ಎಂದುಕೊಂಡಿದ್ದ. ಬಾಯಲ್ಲಿ ಬಿಸ್ಮಿಲ್ಲಾ, ಮನಸ್ಸಿನಲ್ಲಿ ಬರೀ ಕಂಪ್ಯೂಟರ್. ಅವನನ್ನು ನೋಡಿ ನಗುವ ಮುಂಚೆ ನಮ್ಮನ್ನು ನಾವು ನೋಡಿಕೊಳ್ಳೋದು ಒಳ್ಳೇದು.

ಈಗ ಒಂದು ಹೋಲಿಕೆ. ನಮ್ಮ ಮಕ್ಕಳು ಓದುವ ಇನ್ನೊಂದು ಪುಸ್ತಕ 2001ರಲ್ಲಿ ಬಂದ ಐರಿಷ್ ಲೇಖಕ ಇಯನ್ ಕೋಲ್ಫರ್ ಅವರ 'ಆರ್ಟೆಮಿಸ್ ಫೌಲ್'. ಅಲ್ಲೂ ಜಾಣ ಹುಡುಗ, ಹನ್ನೆರಡು ವರ್ಷ. ಅಲ್ಲೂ ಮನುಷ್ಯರಲ್ಲದವರ ಒಂದು ಗುಪ್ತ ಪುಸ್ತಕ. ಅವನು ಅದರ ಚಿತ್ರ ತೆಗೆದು, ಕಂಪ್ಯೂಟರಿಗೆ ಹಾಕಿ, ಲಿಪಿ ಬಿಡಿಸುತ್ತಾನೆ. ಭೂಮಿಯೊಳಗಿನ ಯಕ್ಷಿಣಿ ಜನರ ಕಾನೂನು, ದೌರ್ಬಲ್ಯ ಎಲ್ಲ ತಿಳಿದುಕೊಂಡು ಅವರ ಪೊಲೀಸ್ ಅಧಿಕಾರಿಯನ್ನೇ ಅಪಹರಿಸಿ ಬಂಗಾರ ಕೇಳುತ್ತಾನೆ. ಆ ಯಕ್ಷಿಣಿಗಳ ಬಳಿಯೂ ಮನುಷ್ಯರಿಗಿಂತ ಮುಂದಿನ ಯಂತ್ರಗಳಿವೆ. ಓದಲು ಬಲು ಮಜಾ. ಆದರೆ ಅದರ ಒಳಗಿನ ನಂಬಿಕೆ ಏನು? ಯಾವ ರಹಸ್ಯವಾದರೂ ಬೀಗ, ಬುದ್ಧಿ ಅದರ ಕೀಲಿ, ತೆರೆದವನಿಗೆ ಬಂಗಾರ. 'ಅಲಿಫ್'ನಲ್ಲೂ ಹುಡುಗ ಇದನ್ನೇ ಮಾಡುತ್ತಾನೆ. ಮಸೀದಿಯ ಆಶ್ರಯದಲ್ಲಿ ಕೂತು, ಜಿನ್‌ಗಳ ಕಥೆಗಳ ರಚನೆಯನ್ನೇ ಕೋಡ್ ಆಗಿ ಬರೆದು 'ಕೈ'ಯ ವ್ಯವಸ್ಥೆಯ ಮೇಲೆ ದಾಳಿ ಮಾಡುತ್ತಾನೆ. ಸ್ವಲ್ಪ ಹೊತ್ತು ಅದ್ಭುತವಾಗಿ ನಡೆಯುತ್ತದೆ. ಆಮೇಲೆ ಎಲ್ಲ ಕುಸಿಯುತ್ತದೆ. ಆ ಕುಸಿತಕ್ಕೆ ಅವನು ಕೊಡುವ ಬೆಲೆ ಕತ್ತಲೆಯ ಸೆರೆಮನೆ. ಒಂದೇ ಕೆಲಸ ಅಲ್ಲಿ ಗೆಲುವು, ಇಲ್ಲಿ ಸೋಲು. ಯಾಕೆ?

ಇದಕ್ಕೆ ಉತ್ತರ ನಮ್ಮದೇ ಹಳೆಯ ಕಥೆಗಳಲ್ಲಿ ಇದೆ ಅಂತ ನನಗನ್ನಿಸುತ್ತದೆ. 'ತಿಲಿಸ್ಮ್-ಏ-ಹೋಶ್‌ರುಬಾ' ಹೆಸರು ಹಿರಿಯರಿಂದ ಕೇಳಿರ್ತೀರಿ. ಲಖನೌದ ನವಲ್ ಕಿಶೋರ್ ಪ್ರೆಸ್ಸಿನಿಂದ 1883ರಿಂದ ಸಂಪುಟ ಸಂಪುಟವಾಗಿ ಬಂದ ಉರ್ದು ದಾಸ್ತಾನು. ಮುಹಮ್ಮದ್ ಹುಸೇನ್ ಜಾಹ್ ಶುರು ಮಾಡಿದರು, ಅಹ್ಮದ್ ಹುಸೇನ್ ಕಮರ್ ಮುಂದುವರಿಸಿದರು. ಅದರಲ್ಲಿ 'ತಿಲಿಸ್ಮ್' ಅಂದರೆ ಮಾಂತ್ರಿಕರು ಕಟ್ಟಿದ ಮಾಯಾಲೋಕ. ಒಳಗೆ ಹೋದವನಿಗೆ ಬೆಟ್ಟ, ನದಿ, ನಗರ ಎಲ್ಲ ನಿಜವೇ. ಆದರೆ ಪ್ರತಿ ತಿಲಿಸ್ಮಿಗೂ ಕಟ್ಟಿದವನೊಬ್ಬ ಇರುತ್ತಾನೆ, ಅದನ್ನು ಮುರಿಯುವ ವಿಧಾನ ಬರೆದ ಒಂದು 'ಲೌಹ್', ಅಂದರೆ ಫಲಕವೂ ಎಲ್ಲೋ ಇರುತ್ತದೆ. ಅಮೀರ್ ಹಮ್ಜಾರ ಪಾಳೆಯದ ಅಮರ್ ಅಯ್ಯಾರನನ್ನು ನೆನಪಿಸಿಕೊಳ್ಳಿ. ಮಾಂತ್ರಿಕರ ಮುಂದೆ ಅವನು ಮಂತ್ರ ಹಾಕುವುದಿಲ್ಲ. ವೇಷ ಹಾಕುತ್ತಾನೆ, ಮದ್ದು ಬೆರೆಸುತ್ತಾನೆ, ಶತ್ರುವಿನ ಮನೆಯೊಳಗೆ ಶತ್ರುವಿನ ಮುಖ ಹೊತ್ತು ನುಗ್ಗುತ್ತಾನೆ. ಇಂದಿನ ಭಾಷೆಯಲ್ಲಿ ಹ್ಯಾಕರ್ ಅಂದರೆ ಅಯ್ಯಾರನೇ ಅಲ್ವಾ? ಸುಳ್ಳು ಹೆಸರು, ಕದ್ದ ಗುರುತು, ಬೀಗವಿಲ್ಲದ ಕಿಟಕಿ ಹುಡುಕುವ ಕಣ್ಣು. ಅಲಿಫ್ ಈ ಅಯ್ಯಾರರ ವಂಶದವನು. ಕಂಪ್ಯೂಟರ್ ವ್ಯವಸ್ಥೆ ಒಂದು ತಿಲಿಸ್ಮ್. ಯಾರೋ ಕಟ್ಟಿದ್ದಾರೆ, ಆದ್ದರಿಂದ ಯಾರೋ ಮುರಿಯಬಹುದು.

ಆದರೆ ಕಾದಂಬರಿಯ ಹೆಸರಿನಲ್ಲಿರುವ 'ಅನ್‌ಸೀನ್' ತಿಲಿಸ್ಮ್ ಅಲ್ಲ, ಗೈಬ್. ಸೂರಾ ಅಲ್-ಬಖರಾ ಶುರುವಾಗುವುದು ಅಲಿಫ್ ಅಕ್ಷರದಿಂದ. ಅದರ ಮೂರನೇ ವಚನ ಗೈಬ್‌ನಲ್ಲಿ ವಿಶ್ವಾಸ ಇಡುವವರ ಬಗ್ಗೆ. ಹುಡುಗನ ಹೆಸರು ಅಲಿಫ್, ಅವನ ಬಡಾವಣೆ ಬಖರಾ, ಪುಸ್ತಕದ ಹೆಸರು ಕಾಣದ ಅಲಿಫ್. ಈ ಮೂರನ್ನು ಜೋಡಿಸಿ ಓದಲು ಅರಬಿ ಪಂಡಿತರಾಗಬೇಕಿಲ್ಲ, ಮಕ್ತಬಿಗೆ ಹೋದ ಮಗು ಸಾಕು. ಗೈಬ್ ಯಾರೋ ಮನುಷ್ಯ ಕಟ್ಟಿದ್ದಲ್ಲ. ಅದಕ್ಕೆ ಲೌಹ್ ಇಲ್ಲ. ಅದನ್ನು ಬುದ್ಧಿಯಿಂದ ತೆರೆಯಲಾಗದು. ಅದು ಇದೆ ಎಂದು ತಿಳಿದು, ಅದರ ಮುಂದೆ ನಮ್ಮ ಅಳತೆ ಎಷ್ಟು ಎಂದು ಅರಿಯಬಹುದು, ಅಷ್ಟೆ.

ಇನ್ನೊಂದು ಮಾತು. ಜಿನ್ನೇ ಗೈಬ್ ಅಲ್ಲ. ಜಿನ್ ಎಂಬ ಪದದ ಬೇರಿನ ಅರ್ಥ ಮರೆಯಾದದ್ದು. ನಮ್ಮ ಕಣ್ಣಿಗೆ ಮರೆ. ಆದರೆ ಗೈಬ್ ಅವರಿಗೂ ಮರೆಯೇ. ಪ್ರವಾದಿ ಸುಲೈಮಾನ್ (ಅ) ಅವರ ಕಥೆ ನೆನಪಿದೆಯಾ? ಕೋಲಿಗೆ ಒರಗಿ ನಿಂತಲ್ಲೇ ಅವರು ಮರಣ ಹೊಂದಿದರು. ಜಿನ್‌ಗಳು ಅವರು ಬದುಕಿದ್ದಾರೆ ಎಂದೇ ತಿಳಿದು ಕೆಲಸ ಮಾಡುತ್ತಲೇ ಇದ್ದವು. ಸಣ್ಣ ಹುಳವೊಂದು ಕೋಲನ್ನು ತಿಂದು, ದೇಹ ಕೆಳಗೆ ಬಿದ್ದಾಗಲೇ ಅವುಗಳಿಗೆ ಗೊತ್ತಾದದ್ದು. ಗೈಬ್ ಗೊತ್ತಿದ್ದಿದ್ದರೆ ಆ ದುಡಿಮೆಯಲ್ಲಿ ಉಳಿಯುತ್ತಿರಲಿಲ್ಲ ಎಂದು ಸೂರಾ ಸಬಾದಲ್ಲಿ ಬರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟು ಕಾದಂಬರಿ ಓದಿ. 'ಕೈ' ಮಾಡುವ ತಪ್ಪು ಆಗ ಸ್ಪಷ್ಟವಾಗುತ್ತದೆ. ಜಿನ್‌ಗಳ ಪುಸ್ತಕ ಸಿಕ್ಕರೆ ಎಲ್ಲವನ್ನೂ ತಿಳಿಯಬಹುದು, ಎಲ್ಲರನ್ನೂ ಆಳಬಹುದು ಎಂದು ಅವನ ಲೆಕ್ಕ. ಗೈಬ್‌ಅನ್ನು ತಿಲಿಸ್ಮ್ ಎಂದುಕೊಂಡವನು ಅವನು. ಅಲಿಫನದೂ ಅದೇ ತಪ್ಪು, ಉದ್ದೇಶ ಮಾತ್ರ ಬೇರೆ. ಅದಕ್ಕೇ ಇಬ್ಬರ ಯಂತ್ರವೂ ನಿಲ್ಲುವುದಿಲ್ಲ.

ವಿಲ್ಸನ್ ಅವರ ಜಿನ್‌ಗಳು ಇದಕ್ಕೆ ಒಪ್ಪುವಂತೆ ಇವೆ. ಅವು ಸರ್ವಜ್ಞರಲ್ಲ. ಅವರಿಗೂ ಗಲ್ಲಿಗಳಿವೆ, ಬಾಜಾರಿದೆ, ಇಂಟರ್ನೆಟ್ ಕೂಡ ಇದೆ. ಒಂದು ಜಿನ್ ತನ್ನ ಕಂಪ್ಯೂಟರಿಗೆ ವೈರಸ್ ಹಿಡಿದಿದೆ, ರಿಪೇರಿ ಮಾಡಿಕೊಡು ಎಂದು ಅಲಿಫನನ್ನು ಕೇಳುವ ಪ್ರಸಂಗ ಓದಿ ನಾನು ಜೋರಾಗಿ ನಕ್ಕಿದ್ದೆ. ನಕ್ಕ ಮೇಲೆ ಯೋಚಿಸಿದೆ. ಎಷ್ಟು ಸರಿಯಾಗಿದೆ! ಜಿನ್ನೂ ಸೃಷ್ಟಿಯೇ, ಮನುಷ್ಯನ ಹಾಗೆ. ಹೊಗೆಯಿಲ್ಲದ ಬೆಂಕಿಯಿಂದ ಆದದ್ದಿರಬಹುದು, ಆದರೆ ಅದಕ್ಕೂ ಗೊತ್ತಿಲ್ಲದ್ದು ಬೇಕಾದಷ್ಟಿದೆ.

ಇದೇ ಜಾಣ್ಮೆಯ ಇನ್ನೊಂದು ಸಣ್ಣ ಪುಸ್ತಕವನ್ನು ವಿದ್ಯಾರ್ಥಿಗಳಿಗೆ ಹೇಳಿಬಿಡ್ತೀನಿ: ನೈಜೀರಿಯನ್ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೊರ್ ಅವರ 'ಬಿಂಟಿ', 2015ರದ್ದು. ಆಫ್ರಿಕದ ಹಿಂಬಾ ಜನಾಂಗದ ಹುಡುಗಿ ಅಂತರಿಕ್ಷದ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾಳೆ. ಗಣಿತ ಅವಳಿಗೆ ಧ್ಯಾನದ ಹಾಗೆ. ಮೈಗೆ ಊರಿನ ಕೆಂಪು ಮಣ್ಣಿನ ಲೇಪ ಹಚ್ಚಿಕೊಂಡೇ ಹೋಗುತ್ತಾಳೆ. ಬೇರೆಯವರು ಮೂಗು ಮುಚ್ಚಿ ನಗುತ್ತಾರೆ. ಕೊನೆಗೆ ಆ ಮಣ್ಣೇ ಶತ್ರುವಿನ ಗಾಯಕ್ಕೆ ಮದ್ದಾಗುತ್ತದೆ. ಅವಳ ಜೇಬಿನಲ್ಲಿ ಮರುಭೂಮಿಯಲ್ಲಿ ಸಿಕ್ಕ ಹಳೆಯ ಯಂತ್ರವೊಂದಿದೆ. ಅದೇನೆಂದು ತಿಳಿಯದೆಯೇ ಜೋಪಾನ ಮಾಡುತ್ತಾಳೆ, ಅದು ಅವಳ ಜೀವ ಉಳಿಸುತ್ತದೆ. ವಿಜ್ಞಾನ ಓದಲು ಊರು, ಉಡುಪು, ಅಜ್ಜಿಯ ಮಾತು ಬಿಟ್ಟು ಬರಬೇಕು ಎಂದು ನಮ್ಮ ಹುಡುಗಿಯರಿಗೆ ಯಾರಾದರೂ ಹೇಳಿದರೆ ಈ ಪುಸ್ತಕ ಕೈಗಿಡಿ.

ಇನ್ನು 'ಟಿನ್ ಸಾರಿ'. ಮಾಯೆಯ ಮಾತು ಬದಿಗಿಡಿ, ಈ ಕಾದಂಬರಿಯಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಜಿನ್ ಅಲ್ಲ, ಈ ಪ್ರೋಗ್ರಾಂ. ಮುರಿದ ಪ್ರೀತಿಯ ಸಿಟ್ಟಿನಲ್ಲಿ ಬರೆದದ್ದು. ಅದು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಬರೆದವನಿಗೇ ಪೂರ್ತಿ ತಿಳಿಯದು. ಒಬ್ಬ ಹುಡುಗಿಯ ಬೆರಳಿನ ಓಟದಿಂದ ಅವಳನ್ನು ಗುರುತಿಸಲು ಮಾಡಿದ ಯಂತ್ರ, ನಾಳೆ ಇಡೀ ನಗರದ ಬಂಡಾಯಗಾರರನ್ನು ಒಬ್ಬೊಬ್ಬರನ್ನಾಗಿ ಹಿಡಿಯುವ ಬಲೆಯಾಗುತ್ತದೆ. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನಮ್ಮ ಎಷ್ಟು ಮನೆಗಳ ಮಕ್ಕಳು ಇಂಥದ್ದೇ ಕೆಲಸದಲ್ಲಿದ್ದಾರೆ! ಮುಖ ಗುರುತಿಸುವುದು, ದನಿ ಗುರುತಿಸುವುದು, ಯಾರು ಏನು ಕೊಳ್ಳುತ್ತಾರೆಂದು ಮೊದಲೇ ಹೇಳುವುದು. ಕೆಲಸ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದರೆ ಮನುಷ್ಯನ ಒಳಗಿನ ಗುಟ್ಟಿಗೆ ಕೈ ಹಾಕುವ ಯಂತ್ರ ಕಟ್ಟುವಾಗ, ಇದು ನಾಳೆ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ಕೇಳಿಕೊಳ್ಳಲೇಬೇಕು. ಇನ್ನೊಬ್ಬರ ಗುಟ್ಟು ಅಮಾನತ್ತು. ಆ ಮಾತನ್ನು ಕಾಲೇಜಿನ ಯಾವ ಪಾಠಕ್ಕಿಂತ ಚೆನ್ನಾಗಿ ಈ ಕಥೆ ಹೇಳುತ್ತದೆ. ದೊಡ್ಡಣ್ಣ ಜಿನ್‌ಗಳನ್ನು ನೋಡಿ ನಗಲಿ, ತೊಂದರೆಯಿಲ್ಲ. ಈ ಭಾಗವನ್ನಾದರೂ ಓದಲಿ.

ಹೊಗಳಿದ್ದು ಸಾಕು, ತಪ್ಪುಗಳೂ ಇವೆ. ಮೊದಲನೆಯದು, ಕಂಪ್ಯೂಟರಿನ ಭಾಗಗಳು ತೆಳು. ಜಿನ್‌ಗಳ ಕಥೆಯನ್ನು ಕೋಡ್ ಮಾಡುವ ದೊಡ್ಡ ಪ್ರಸಂಗದಲ್ಲಿ ಲೇಖಕಿ ಉಪಮೆಗಳ ಮೇಲೆ ಉಪಮೆ ಕೊಡುತ್ತಾರೆ, ಅಲಿಫ್ ನಿಜಕ್ಕೂ ಏನು ಟೈಪ್ ಮಾಡುತ್ತಿದ್ದಾನೆ ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. ರೂಪಕವನ್ನು ನಂಬಬೇಡ ಎಂದು ದೀನಾ ಬಾಯಲ್ಲಿ ಹೇಳಿಸಿದವರೇ ಕಷ್ಟದ ಜಾಗದಲ್ಲಿ ರೂಪಕದ ಹಿಂದೆ ಅಡಗಿದ್ದಾರೆ. ಎರಡನೆಯದು, ಕಥೆಯಲ್ಲಿ ಹೆಸರೇ ಇಲ್ಲದ ಒಬ್ಬ ಅಮೆರಿಕನ್ ಹೆಂಗಸು ಬರುತ್ತಾಳೆ, ಇಸ್ಲಾಂ ಸ್ವೀಕರಿಸಿದವಳು. ಲೇಖಕಿ ತಮ್ಮನ್ನೇ ನೋಡಿ ನಕ್ಕಂತಿದೆ, ಅದು ಚೆಂದ. ಆದರೆ ಕಥೆಗೆ ಅವಳ ಅಗತ್ಯಕ್ಕಿಂತ ಜಾಗ ಹೆಚ್ಚಾಯಿತು.

ಮೂರನೆಯದು ನಮಗೆ ಹತ್ತಿರದ್ದು. ಅಲಿಫನ ತಾಯಿ ಭಾರತದವಳು. ಆ ನಗರದಲ್ಲಿ ಅವಳ ಮಗನ ಮೈಬಣ್ಣ, ರಕ್ತ ಎರಡೂ ಕೀಳು ಎಂದು ಎಣಿಸುವುದನ್ನು ವಿಲ್ಸನ್ ಚೆನ್ನಾಗಿ ಕಂಡಿದ್ದಾರೆ. ಇಂತಿಸಾರ್ ಸಿಗದಿರುವುದಕ್ಕೆ ಅದೂ ಕಾರಣ. ಆದರೆ ಆ ತಾಯಿ ಪುಸ್ತಕದಲ್ಲಿ ಹೆಚ್ಚು ಮಾತಾಡುವುದೇ ಇಲ್ಲ. ಬಿಸಿಲಲ್ಲಿ ಕಟ್ಟಡ ಕಟ್ಟುವ ನಮ್ಮ ಕಡೆಯ ಕೂಲಿಗಳು ದೂರದ ನೆರಳಿನ ಹಾಗೆ ಹಾದುಹೋಗುತ್ತಾರೆ. ಭಟ್ಕಳ, ಮಂಗಳೂರು, ಉಡುಪಿಯ ಕಡೆ ಕೊಲ್ಲಿಗೆ ಒಬ್ಬರನ್ನಾದರೂ ಕಳಿಸದ ಮುಸ್ಲಿಂ ಮನೆ ಹುಡುಕುವುದು ಕಷ್ಟ. ಅವರಿಗೆ ಆ ನಗರದ ಇನ್ನೊಂದು 'ಕಾಣದ' ಲೋಕ ಗೊತ್ತು: ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ, ಶುಕ್ರವಾರದ ಫೋನು, ಮಗುವನ್ನು ಮೊದಲ ಸಲ ನೋಡಿದ್ದು ಅದಕ್ಕೆ ಎರಡು ವರ್ಷವಾದ ಮೇಲೆ. ಜಿನ್‌ಗಳನ್ನು ಕಂಡ ಲೇಖಕಿಗೆ ಇವರು ಪೂರ್ತಿ ಕಾಣಲಿಲ್ಲ. ಆ ಕಾದಂಬರಿ ಬರೆಯಬೇಕಾದವರು ನಾವೇ ಇರಬೇಕು.

ಬರೆಯಬಹುದೇ? ನಮಗೆ ಇಂಥದ್ದೆಲ್ಲ ಹೊಸದು ಎಂದು ಯಾರಾದರೂ ಅಂದರೆ 1905ನ್ನು ನೆನಪಿಸಿ. ಆ ವರ್ಷ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜಿನ್'ನಲ್ಲಿ ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' ಅಚ್ಚಾಯಿತು. ಶಾಲೆಯ ಮೆಟ್ಟಿಲು ಹತ್ತದೆ, ಪರದೆಯೊಳಗೆ ಬೆಳೆದು, ಮನೆಯಲ್ಲೇ ಇಂಗ್ಲಿಷು ಕಲಿತ ಹೆಣ್ಣುಮಗಳು. ಅವರ ಕನಸಿನ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಹೆಂಗಸರ ವಿಶ್ವವಿದ್ಯಾಲಯಗಳು ಮೋಡದಿಂದ ನೀರು ಇಳಿಸುತ್ತವೆ, ಸೂರ್ಯನ ಶಾಖ ಹಿಡಿದಿಡುತ್ತವೆ, ಆ ಶಾಖದಿಂದಲೇ ದಂಡೆತ್ತಿ ಬಂದ ಸೈನ್ಯವನ್ನು ಓಡಿಸುತ್ತವೆ. ಅಲ್ಲಿ ಮಂತ್ರವಿಲ್ಲ, ಜಿನ್ ಇಲ್ಲ. ಕನಸು ಎಂಬ ಒಂದು ಬಾಗಿಲು, ಬಾಕಿ ಎಲ್ಲ ವಿಜ್ಞಾನ. ಅದನ್ನು ಬರೆದ ಕೈಯೇ 1911ರಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಂ ಹುಡುಗಿಯರ ಶಾಲೆ ತೆರೆಯಿತು. ಕಲ್ಪನೆ ಸೋಮಾರಿಗಳ ಕೆಲಸ ಅನ್ನುವವರು ಇದನ್ನು ಮರೆಯಬಾರದು. ಕನಸಿನ ವಿಶ್ವವಿದ್ಯಾಲಯ ಮೊದಲು, ನಿಜದ ಶಾಲೆ ಆಮೇಲೆ.

ಕನ್ನಡದಲ್ಲಿ ನಮ್ಮ ಹಿರಿಯರು ಬೇರೆ ದಾರಿ ಹಿಡಿದರು, ಅದಕ್ಕೆ ಕಾರಣವೂ ಇತ್ತು. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ನಮ್ಮ ಮನೆಗಳ ಅಡುಗೆಮನೆ, ತಲಾಖು, ಬಡತನ, ಗಲ್ಲಿಯ ನೆರೆಹೊರೆಯನ್ನು ಇದ್ದ ಹಾಗೆ ಬರೆದರು. ಇದ್ದದ್ದನ್ನು ಮೊದಲು ಕಾಣಿಸಬೇಕಿತ್ತು, ಕಾಣಿಸಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ ಇಂಟರ್‌ನ್ಯಾಷನಲ್ ಬುಕರ್ ಸಿಕ್ಕಿದಾಗ ಮುಂಬಯಿ, ದಿಲ್ಲಿಯ ಕನ್ನಡಿಗರೂ ಹೆಮ್ಮೆಪಟ್ಟದ್ದು ಸುಳ್ಳಲ್ಲ. ಆ ಮನೆಗಳಲ್ಲಿ ಇನ್ನೊಂದು ವಸ್ತುವೂ ಇತ್ತಲ್ಲ: ಕರೆಂಟು ಹೋದ ರಾತ್ರಿ ದಾದಿ ಹೇಳುತ್ತಿದ್ದ ಜಿನ್‌ಗಳ ಕಥೆ. ಅದನ್ನು ನಾವು ಓದು ಕಲಿತ ಮೇಲೆ ನಾಚಿಕೆಯಿಂದ ಅಟ್ಟದ ಮೇಲೆ ಇಟ್ಟೆವು. ಒಂದು ಕಡೆ ಮೂಢನಂಬಿಕೆ ಎಂಬ ಆರೋಪ, ಇನ್ನೊಂದು ಕಡೆ ಗುನಾಹ್ ಎಂಬ ಭಯ. ತಾಯಿತ ಮಾರಿ ದುಡ್ಡು ಮಾಡುವವರ ಕೈಗೆ ಮಾತ್ರ ಜಿನ್‌ಗಳನ್ನು ಬಿಟ್ಟುಕೊಟ್ಟೆವು. ಕಥೆಗಾರನ ಕೈಯಲ್ಲಿದ್ದರೆ ಜಿನ್ ಮಗುವಿಗೆ ವಿನಯ ಕಲಿಸುತ್ತದೆ. ತಾಯಿತದವನ ಕೈಯಲ್ಲಿದ್ದರೆ ಮನೆಯ ಹೆಂಗಸರ ಕಿವಿಯೋಲೆ ಮಾರಿಸುತ್ತದೆ.

ಈಗ ಆ ಹುಡುಗಿಗೆ ಉತ್ತರ. ಬೇಟಾ, ನಿನ್ನ ಅಬ್ಬಾ ಹೆದರುವುದು ಸುಮ್ಮನೆ ಅಲ್ಲ. ಮಾಟ ಮಂತ್ರವನ್ನು ನಮ್ಮ ದೀನ್ ತಡೆದಿದೆ, ಜಿನ್ ಹೆಸರಲ್ಲಿ ಮೋಸ ಹೋದವರನ್ನು ಅವರು ಕಣ್ಣಾರೆ ನೋಡಿರಬಹುದು. ಆದರೆ ಈ ಪುಸ್ತಕ ಮಾಟ ಕಲಿಸುವುದಿಲ್ಲ. ಮಾಟದ ಆಸೆಯಿಂದ ಗೈಬ್‌ಗೆ ಕೈ ಹಾಕಿದವನ ಗತಿ ಏನಾಗುತ್ತದೆ ಎಂದು ತೋರಿಸುತ್ತದೆ. ಅದರಲ್ಲಿ ಅವರ ಮಾತನ್ನೇ ಆಡುವ ಹುಡುಗಿಯೊಬ್ಬಳಿದ್ದಾಳೆ, ಅವಳೇ ಕಥೆಯ ಬೆನ್ನೆಲುಬು ಎಂದು ಅವರಿಗೆ ಹೇಳು. ನಿನ್ನ ಭಾಯಿಜಾನನೂ ಪೂರ್ತಿ ತಪ್ಪಲ್ಲ. ಕಲಿಯಬೇಕಾದದ್ದನ್ನು ಕಲಿಯಲೇಬೇಕು, ಕಟ್ಟಿದ್ದನ್ನೆಲ್ಲ ಬಿಚ್ಚಿ ನೋಡಲೇಬೇಕು. ತಿಲಿಸ್ಮ್ ಮುರಿಯಲು ಅಯ್ಯಾರರು ಬೇಕು. ಆದರೆ ಬಿಚ್ಚಿ ನೋಡಲಾಗದ್ದೆಲ್ಲ ಸುಳ್ಳು ಎಂದು ಅವನು ಅಂದುಕೊಂಡರೆ, ಅವನಿಗೂ 'ಕೈ'ಗೂ ಅಂತರ ಕಡಿಮೆ. ಯಾವುದು ತಿಲಿಸ್ಮ್, ಯಾವುದು ಗೈಬ್ ಎಂದು ಬೇರೆ ಮಾಡಿ ನೋಡುವುದೇ ಓದು. ಅದನ್ನು ನಿನಗಾಗಿ ಬೇರೆ ಯಾರೂ ಮಾಡಿಕೊಡಲಾರರು, ನಾನೂ ಕೂಡ.

ಪುಸ್ತಕ ಇನ್ನೂ ಆ ಪೇಪರಿನಲ್ಲೇ ಸುತ್ತಿ ನನ್ನ ಕಪಾಟಿನಲ್ಲಿದೆ. ಮುಂದಿನ ಭಾನುವಾರ ಅವಳ ಅಬ್ಬಾರನ್ನು ಚಹಾಕ್ಕೆ ಕರೆದಿದ್ದೇನೆ. ಮೊದಲು ಸುಲೈಮಾನ್ (ಅ) ಅವರ ಕೋಲಿನ ಕಥೆಯಿಂದ ಮಾತು ಶುರು ಮಾಡುವ ಯೋಚನೆ. ಆ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಪುಸ್ತಕವನ್ನು ಅವರ ಕೈಗೇ ಕೊಟ್ಟು, ನೀವೇ ಮೊದಲು ಓದಿ ನೋಡಿ ಭಾಯಿಸಾಬ್, ಆಮೇಲೆ ಮಗಳಿಗೆ ಕೊಡುವುದೋ ಬಿಡುವುದೋ ಹೇಳಿ ಅನ್ನುತ್ತೇನೆ. ನಿಮ್ಮ ಮನೆಯಲ್ಲೂ ಅರ್ಧಕ್ಕೆ ನಿಂತ ಇಂಥ ಪುಸ್ತಕವೊಂದು ಇದ್ದರೆ, ದಯವಿಟ್ಟು ಮಕ್ಕಳ ಜೊತೆ ಕೂತು ಉಳಿದರ್ಧ ಓದಿ.